ತಾತನ ಭೂತಗನ್ನಡಿ: ಕತ್ತಿಗೆ ಹಾಕಿದ ಜಡೆ



ಹೋದ ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಹೈದರಾಬಾದಿಗೆ ಹೋಗಿದ್ದೆವು. ಅಲ್ಲಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೋಡದೆ ಬರುವುದುಂಟೇ? 1951ರಲ್ಲಿ ಜನರಿಗೆ ತೆರೆದ ಆ ಸಂಗ್ರಹಾಲಯದಲ್ಲಿ ಗಡಿಯಾರದ ಮುಂದೆ ಜಾತ್ರೆಯಷ್ಟು ಜನ. ನಮ್ಮ ಏಳನೇ ತರಗತಿಯ ಮೊಮ್ಮಗಳು ಮಾತ್ರ ಜಪಾನ್ ವಿಭಾಗದ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿಕೊಂಡು ನಿಂತಿದ್ದಳು. ಒಳಗೆ ಸಮುರಾಯ್ ಯೋಧರ ಕತ್ತಿಗಳು.

“ತಾತ, ಇಲ್ಲಿ ಬನ್ನಿ. ಕತ್ತಿಗೆ ಯಾರೋ ಜಡೆ ಹಾಕಿದ್ದಾರೆ!”

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹುಡುಗಿ ಹೇಳಿದ್ದು ನಿಜ. ಎಲ್ಲರೂ ಅಲಗನ್ನು ನೋಡಿ ಮುಂದೆ ಹೋಗುತ್ತಾರೆ. ಇವಳು ಹಿಡಿಯನ್ನು ನೋಡಿದ್ದಾಳೆ. ಹಿಡಿಯ ಮೇಲೆ ಪಟ್ಟಿಯೊಂದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾದು, ನಡುನಡುವೆ ವಜ್ರಾಕಾರದ ಕಿಂಡಿ ಬಿಟ್ಟು, ತುದಿಯವರೆಗೂ ಹೆಣೆದುಕೊಂಡು ಹೋಗುತ್ತದೆ. ಅವಳ ಅಜ್ಜಿ ಶುಕ್ರವಾರ ಎಣ್ಣೆ ಹಚ್ಚಿ ಹೆಣೆಯುವ ಜಡೆಯ ಹಾಗೆಯೇ.

ಆ ಜಡೆಯ ಹಿಂದೆ ಬಿದ್ದು ನಾವಿಬ್ಬರೂ ಏನೇನು ಕಲಿತೆವು ಎಂಬುದೇ ಈ ವಾರದ ಕತೆ. ಕೊನೆಯಲ್ಲಿ ನಾನು ಚಿಕ್ಕವಯಸ್ಸಿನಲ್ಲಿ ಮಾಡಿದ ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ.

ಹಿಡಿಯ ಒಳಗೆ ಏನಿದೆ?

ಜಪಾನಿನ ಕತ್ತಿಯ ಹಿಡಿ ಒಂದೇ ತುಂಡಲ್ಲ. ಒಳಗಿರುವುದು ಮರ. ಹೋನೋಕಿ ಎಂಬ ಮರ, ನಮ್ಮ ಸಂಪಿಗೆಯ ಹತ್ತಿರದ ನೆಂಟ. ಈ ಮರ ಮೆತ್ತಗಿರುತ್ತದೆ, ಕೆತ್ತುವುದು ಸುಲಭ. ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಅಲಗಿನ ಬಾಲ ಕೂರುವಷ್ಟು ಒಳಗೆ ಕೆತ್ತಿ, ಮತ್ತೆ ಅಂಟಿಸುತ್ತಾರೆ. ಅಂಟು ಯಾವುದು ಗೊತ್ತೇ? ಅನ್ನ! ಬೆಂದ ಅನ್ನವನ್ನು ಚೆನ್ನಾಗಿ ಮಸೆದು ಮಾಡಿದ ಅಂಟು. ನಾವು ಚಿಕ್ಕವರಿದ್ದಾಗ ಗಾಳಿಪಟಕ್ಕೆ ಅನ್ನ ಮೆತ್ತುತ್ತಿದ್ದೆವಲ್ಲ, ಅದೇ ವಿದ್ಯೆ.

ಆ ಮರದ ಮೇಲೆ ಮೀನಿನ ಚರ್ಮ ಹೊದಿಸುತ್ತಾರೆ. ನಮ್ಮ ಕರಾವಳಿಯವರು ತೊರಕೆ ಎನ್ನುವ, ಬೀಸಣಿಗೆಯಂತೆ ಅಗಲವಾದ ಮೀನು ಇದೆಯಲ್ಲ, ಅದರ ಜಾತಿಯದು. ಬಿಳಿ ಬಣ್ಣ, ಮೇಲೆಲ್ಲ ಸಬ್ಬಕ್ಕಿ ಅಂಟಿಸಿದಂತೆ ಗಟ್ಟಿಗುಳ್ಳೆ. ಇಂಥ ಚರ್ಮವನ್ನು ಜಪಾನಿನವರು ಹಡಗಿನಲ್ಲಿ ಸಯಾಮಿನಿಂದ, ಅಂದರೆ ಇಂದಿನ ಥಾಯ್ಲೆಂಡಿನಿಂದ, ತರಿಸಿಕೊಳ್ಳುತ್ತಿದ್ದರು. ಒಳ್ಳೆಯ ಚರ್ಮ ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವುದೇ ಒಂದು ವ್ಯಾಪಾರ. ಒಸಾಕಾ ನಗರದ ಇನಾಬಾ ತ್ಸೂರ್ಯೂ ಎಂಬ ವ್ಯಾಪಾರಿ 1785ರಲ್ಲಿ ಬರೀ ಈ ಚರ್ಮದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ.

ಚರ್ಮದ ಮೇಲೆ ಬರುವುದು ನಮ್ಮ ಜಡೆ. ಉದ್ದದ ಕತ್ತಿಯೊಂದಕ್ಕೆ ಸುಮಾರು 4 ಮೀಟರ್ ಪಟ್ಟಿ ಬೇಕು. ಪಟ್ಟಿ ಒಂದರ ಮೇಲೊಂದು ಹಾಯುವಲ್ಲಿ ಅಡಿಗೆ ಸಣ್ಣ ಕಾಗದದ ಮಡಿಕೆ ಇಡುತ್ತಾರೆ. ಹಾಗಾಗಿ ಆ ಜಾಗ ಉಬ್ಬಿ ನಿಲ್ಲುತ್ತದೆ, ಕೈ ಜಾರುವುದಿಲ್ಲ. ಒಂದು ಕಡೆ ಎಡದ ಪಟ್ಟಿ ಮೇಲೆ ಬಂದರೆ ಮುಂದಿನದರಲ್ಲಿ ಬಲದ್ದು ಮೇಲೆ. ಒಳ್ಳೆಯ ಕೆಲಸಗಾರ ಈ ಲೆಕ್ಕ ತಪ್ಪುವುದಿಲ್ಲ. ಕೊನೆಗೆ ಇಡೀ ಹಿಡಿಯನ್ನೂ ಅಲಗನ್ನೂ ಜೋಡಿಸಿ ಹಿಡಿದಿರುವುದು ಬಿದಿರಿನ ಒಂದು ಸಣ್ಣ ಬೆಣೆ. ಅದನ್ನು ತಟ್ಟಿ ತೆಗೆದರೆ ಹಿಡಿ ಕಳಚಿ ಬರುತ್ತದೆ.

ಇಷ್ಟೆಲ್ಲ ಏಕೆ ಸುತ್ತಬೇಕು ಎಂದು ಕೇಳುತ್ತೀರಾ? ನಿಮ್ಮ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಬಿಚ್ಚಿ ನೋಡಿ. ಅದರ ಅಡಿ ದಾರ ಸುತ್ತಿರುತ್ತದೆ. ದಾರದ ಅಡಿ ಬೆತ್ತದ ಹಿಡಿ. ಬೆವರಿದ ಕೈ ಜಾರಬಾರದು, ಪೆಟ್ಟು ಬಿದ್ದಾಗ ಹಿಡಿ ಸೀಳಬಾರದು. ಎರಡೂ ಕಡೆ ಒಂದೇ ಕಾರಣ.

ಸಾಮಾನ್ಯವಾದದ್ದು ರೇಷ್ಮೆ

ಈ ಜಡೆಗೆ ಹೆಚ್ಚಾಗಿ ಬಳಸುವುದು ರೇಷ್ಮೆಯ ಚಪ್ಪಟೆ ಪಟ್ಟಿ. ರೇಷ್ಮೆ ನಮಗೆ ಹೊಸದಲ್ಲ. ಜಪಾನಿನ ರೇಷ್ಮೆಗೂ ನಮ್ಮ ಊರಿಗೂ ಹಳೆಯ ನಂಟೂ ಇದೆ. ಬೆಂಗಳೂರಿನ ಬಸವನಗುಡಿಯ ಪಕ್ಕ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆ ಇದೆಯಲ್ಲ, ಅಲ್ಲಿ 19ನೇ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಜಪಾನಿನ ಪರಿಣತರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದ್ದರು. ತೋಟ ಹೋಯಿತು, ಹೆಸರು ಬಸ್ ಸ್ಟಾಪಿನಲ್ಲಿ ಉಳಿಯಿತು.

ರೇಷ್ಮೆಯ ಪಟ್ಟಿ ಕೈಬೆವರಿಗೆ ಸವೆಯುತ್ತದೆ. ಸವೆದಾಗ ಬಿಚ್ಚಿ ಹೊಸದು ಸುತ್ತುತ್ತಿದ್ದರು. ಆದ್ದರಿಂದ ಅಲಗು ಐನೂರು ವರ್ಷದ್ದಾದರೂ ಅದರ ಜಡೆ ಬಹಳ ಈಚಿನದಾಗಿರಬಹುದು. ಅಲಗಿನ ವಯಸ್ಸು ಬೇರೆ, ಹಿಡಿಯ ವಯಸ್ಸು ಬೇರೆ. ಇದು ನೆನಪಿರಲಿ.

ಆದರೆ ಎಲ್ಲ ಹಿಡಿಗಳೂ ರೇಷ್ಮೆಯವಲ್ಲ. ಅದು ನಮಗೆ ತಿಳಿದದ್ದು ಒಂದು ಫೋನಿನಿಂದ.

ಒಸಾಕಾದಿಂದ ಬಂದ ಚಿತ್ರ

ನನ್ನ ಜೊತೆ ಕ್ಯಾಷ್ ಕೌಂಟರಿನಲ್ಲಿ ಕೂರುತ್ತಿದ್ದ ಗೆಳೆಯನ ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ನಾವು ಹೈದರಾಬಾದಿನಿಂದ ಬಂದ ಮೇಲೆ ಮೊಮ್ಮಗಳು ಅವನಿಗೆ ಜಡೆಯ ಸುದ್ದಿ ಹೇಳಿದ್ದಳು. ಒಂದು ಭಾನುವಾರ ಅವನಿಂದ ನನ್ನ ಫೋನಿಗೆ ಆರು ಚಿತ್ರ ಬಂದವು. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಚಿಕ್ಕ ಕತ್ತಿ. ಸಮುರಾಯ್‌ಗಳು ಉದ್ದದ ಕತ್ತಿಯ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎರಡನೆಯ ಕತ್ತಿ ಅದು.

“ಅಂಕಲ್, ಹಿಡಿ ನೋಡಿ. ರೇಷ್ಮೆಯೂ ಅಲ್ಲ, ಜಡೆಯೂ ಅಲ್ಲ. ಕಪ್ಪಗೆ ಹೊಳೆಯುವ ಪಟ್ಟಿ. ಬಳೆ ತೊಟ್ಟ ಹಾಗೆ ಸುತ್ತಿದೆ. ಎರಡು ಕಡೆ ಕಿತ್ತುಹೋಗಿದೆ. ಪ್ಲಾಸ್ಟಿಕ್ ಅಂತ ನನ್ನ ಅನುಮಾನ. ಕಡಿಮೆ ಬೆಲೆಗೆ ಕೊಡ್ತಾರೆ. ಕೊಂಡು, ಇದನ್ನು ಕಿತ್ತುಹಾಕಿಸಿ, ಚೆನ್ನಾಗಿ ನೀಲಿ ರೇಷ್ಮೆ ಸುತ್ತಿಸಿ, ಬರುವಾಗ ಅಪ್ಪನಿಗೆ ತಂದುಕೊಡೋಣ ಅಂತ.”

“ಸ್ವಲ್ಪ ತಾಳು ಮಗು” ಎಂದೆ. “ಕಿತ್ತುಹಾಕುವುದು ಐದು ನಿಮಿಷದ ಕೆಲಸ. ಮೊದಲು ಅದು ಏನು ಅಂತ ತಿಳಿಯಲಿ.”

ಹೀಗೆ ತಾತ, ಮೊಮ್ಮಗಳು, ಒಂದು ಭೂತಗನ್ನಡಿ, ಆರು ಚಿತ್ರ. ನಮ್ಮ ಪತ್ತೇದಾರಿ ಶುರುವಾಯಿತು.

ಬ್ಯಾಂಕು ಕಲಿಸಿದ ಪಾಠ

ನಾನು ಓದಿದ್ದು ಬಿ.ಕಾಂ. ಕತ್ತಿಯ ಶಾಸ್ತ್ರ ನಮ್ಮ ಪಠ್ಯದಲ್ಲಿ ಇರಲಿಲ್ಲ! ಆದರೆ ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಚೆಕ್ಕಿನ ಸಹಿ ನೋಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಹಿರಿಯ ಅಧಿಕಾರಿಯೊಬ್ಬರು ಹೇಳಿದ್ದರು: “ಸಹಿಯ ಅಂದ ನೋಡಬೇಡಿ. ಅಂದವನ್ನು ಯಾರು ಬೇಕಾದರೂ ನಕಲು ಮಾಡುತ್ತಾರೆ. ಪೆನ್ನು ಎಲ್ಲಿ ತಿರುಗಿದೆ, ಎಲ್ಲಿ ತಡವರಿಸಿದೆ, ಎಲ್ಲಿ ನಿಂತಿದೆ, ಅಲ್ಲಿ ನೋಡಿ.”

ವಸ್ತುಗಳ ವಿಷಯದಲ್ಲೂ ಹಾಗೆಯೇ. ಚೆನ್ನಾಗಿರುವ ಜಾಗ ಏನನ್ನೂ ಹೇಳುವುದಿಲ್ಲ. ಹೊಳಪು ಹಚ್ಚಿದ ಮೇಲೆ ಚರ್ಮವೂ ಕಪ್ಪು, ಬೆತ್ತವೂ ಕಪ್ಪು, ದಾರವೂ ಕಪ್ಪು. ನೋಡಬೇಕಾದದ್ದು ಮೂರು ಜಾಗ: ಬಾಗಿದಲ್ಲಿ, ಸವೆದಲ್ಲಿ, ತುಂಡಾದಲ್ಲಿ. ಕಿತ್ತುಹೋದ ಜಾಗವೇ ನಿಜ ಹೇಳುವ ಜಾಗ.

ನಾವು ಒಂದು ನೋಟ್‌ಬುಕ್ಕಿನಲ್ಲಿ ಅನುಮಾನದ ಪಟ್ಟಿ ಬರೆದೆವು. ಜಪಾನಿನಲ್ಲಿ ರೇಷ್ಮೆ ಬಿಟ್ಟು ಬೇರೆ ಏನೇನು ಸುತ್ತುತ್ತಿದ್ದರು? ಒಂದೊಂದನ್ನೇ ನೋಡೋಣ.

ಹತ್ತಿ: ಇದಕ್ಕೆ ರೇಷ್ಮೆಯ ಮಿಂಚು ಇಲ್ಲ. ಭೂತಗನ್ನಡಿಯಲ್ಲಿ ಮೇಲೆಲ್ಲ ನವಿರು ಜುಂಗು ಕಾಣುತ್ತದೆ, ಹಳೆಯ ಟವೆಲ್ಲಿನಂತೆ. ಹತ್ತಿಯ ಎಳೆ ಗಿಡ್ಡ, ಆದ್ದರಿಂದ ತುದಿಗಳು ಎಲ್ಲೆಲ್ಲೂ ಎದ್ದಿರುತ್ತವೆ. ರೇಷ್ಮೆಯ ಎಳೆಯಾದರೋ ಒಂದೇ ಗೂಡಿನಿಂದ ನೂರಾರು ಮೀಟರ್ ಬರುತ್ತದೆ. ಅದಕ್ಕೇ ಅದು ನುಣುಪು.

ಚರ್ಮ: ಹೆಚ್ಚಾಗಿ ಜಿಂಕೆಯದು. ಕೆಲವೊಮ್ಮೆ ಹೊಗೆ ಹಾಕಿ ಕಂದು ಬಣ್ಣ ಬರಿಸುತ್ತಿದ್ದರು. ಹಿಗೋ ಎಂಬ ಸೀಮೆಯಲ್ಲಿ, ಅಂದರೆ ಇಂದಿನ ಕುಮಾಮೊತೊದಲ್ಲಿ, ಚರ್ಮ ಸುತ್ತಿದ ಹಿಡಿಗೆ ಬಹಳ ಮರ್ಯಾದೆ. ಅಲ್ಲಿನ ಕತ್ತಿಗಳ ಮಾದರಿ ರೂಪಿಸಿದವನು ಹೊಸೊಕಾವಾ ತದಾಒಕಿ. ಅವನು ಯೋಧನೂ ಹೌದು, ಚಹಾ ಕೊಡುವುದನ್ನೇ ಒಂದು ಕಲೆಯಾಗಿ ಬೆಳೆಸಿದ ಸೆನ್ ನೊ ರಿಕ್ಯೂ ಎಂಬ ಗುರುವಿನ ಶಿಷ್ಯನೂ ಹೌದು. ಥಳಕು ಬೇಡ, ಸರಳವಾಗಿದ್ದರೆ ಸಾಕು ಎಂಬ ಆ ಗುರುವಿನ ರುಚಿ ಶಿಷ್ಯನ ಕತ್ತಿಯ ಹಿಡಿಯಲ್ಲೂ ಕಾಣುತ್ತದೆ. ಚರ್ಮವನ್ನು ಗುರುತಿಸುವುದು ಹೇಗೆ? ಮೇಲ್ಮೈಯಲ್ಲಿ ಕೂದಲು ಬೆಳೆದಿದ್ದ ಸಣ್ಣ ಸಣ್ಣ ರಂಧ್ರ. ಬಾಗಿದಲ್ಲಿ ನಮ್ಮ ಬೆರಳ ಗೆಣ್ಣಿನಂತೆ ಸುಕ್ಕು. ಮಗುಚಿದರೆ ಹಿಂಬದಿ ಮಖಮಲ್ಲಿನಂತೆ.

ಬೆತ್ತ: ಬಳ್ಳಿಯ ಸಿಪ್ಪೆ ಸೀಳಿ ಸುತ್ತುವುದು, ಮೇಲೆ ಮರದ ಹಾಲಿನಿಂದ ಮಾಡಿದ ಮೆರುಗೆಣ್ಣೆ ಬಳಿಯುವುದು. ಬೆತ್ತದ ಕುರ್ಚಿ ಇರುವ ಮನೆಯವರಿಗೆ ಇದು ಚಿರಪರಿಚಿತ. ಮೇಲ್ಭಾಗ ಸ್ವಲ್ಪ ಉಬ್ಬು, ತಾನಾಗಿಯೇ ಹೊಳಪು. ಅಲ್ಲಲ್ಲಿ ಗಿಣ್ಣಿನ ಗುರುತು. ಬಾಗಿದಲ್ಲಿ ಸಿಪ್ಪೆ ಅಡ್ಡಡ್ಡ ಬಿರುಕು ಬಿಡುತ್ತದೆ. ತುಂಡಾದ ತುದಿಯಲ್ಲಿ ಶ್ಯಾವಿಗೆ ಒತ್ತುವ ಬಿಲ್ಲೆಯಂತೆ ಸಾಲು ತೂತು.

ಲೋಹದ ತಂತಿ: ತಾಮ್ರ ಅಥವಾ ಬೆಳ್ಳಿ. ಮುಟ್ಟಿದರೆ ತಣ್ಣಗೆ. ತಾಮ್ರವಾದರೆ ಸಂದಿಯಲ್ಲಿ ಹಸಿರು ಕಿಲುಬು. ತಂತಿ ಉದ್ದಕ್ಕೂ ಒಂದೇ ದಪ್ಪ. ಗಿಡ, ಪ್ರಾಣಿಗಳಿಂದ ಬಂದ ಯಾವುದೂ ಅಷ್ಟು ಕರಾರುವಾಕ್ಕಾಗಿ ಒಂದೇ ದಪ್ಪ ಇರುವುದಿಲ್ಲ.

ಜಡೆಯೇ ಅಲ್ಲದ ಜಡೆ: ಇದನ್ನು ಓದಿ ಮೊಮ್ಮಗಳು ನಕ್ಕುಬಿಟ್ಟಳು. 1935ರಲ್ಲಿ ಜಪಾನಿನ ಸೇನೆ ಹವಾಲ್ದಾರ್ ದರ್ಜೆಯವರಿಗಾಗಿ ಒಂದು ಹೊಸ ಕತ್ತಿ ತಂದಿತು. ಅದರ ಹಿಡಿ ಲೋಹದ ಎರಕ. ಪಟ್ಟಿ ಹೆಣೆದಂತೆ, ವಜ್ರಾಕಾರದ ಕಿಂಡಿ ಬಿಟ್ಟಂತೆ ಅಚ್ಚಿನಲ್ಲೇ ಮೂಡಿಸಿ ಮೇಲೆ ಬಣ್ಣ ಬಳಿದಿದ್ದರು! ದೂರಕ್ಕೆ ರೇಷ್ಮೆಯ ಜಡೆ. ಬಣ್ಣ ಸವೆದ ಕಡೆ ನೋಡಿದರೆ ಅಲ್ಯೂಮಿನಿಯಂ ಹಲ್ಲು ಕಿರಿಯುತ್ತದೆ. ಸವೆದ ಜಾಗ ನಿಜ ಹೇಳುತ್ತದೆ ಎಂದೆನಲ್ಲ?

ಅಜ್ಜಿಯ ಬೆಂಕಿ ಪರೀಕ್ಷೆ

ನಾವು ಹೀಗೆ ತಲೆಕೆಡಿಸಿಕೊಂಡಿರುವಾಗ ನಮ್ಮ ಮನೆಯಾಕೆ ಕಾಫಿ ತಂದರು.

“ಇಷ್ಟಕ್ಕೆ ಇಷ್ಟೊಂದು ಯೋಚನೆಯೇ? ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡೋಕೆ ಹೇಳಿ. ಸೀರೆ ಅಂಗಡಿಯಲ್ಲಿ ನಾವು ಮಾಡೋದು ಅದನ್ನೇ ಅಲ್ವೇ? ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದದ ವಾಸನೆ ಬಂದರೆ ಹತ್ತಿ. ಕರಗಿ ಮಣಿಯಾದರೆ ನೈಲಾನು.”

ಆಕೆ ಹೇಳಿದ್ದು ಸರಿ. ಸೀರೆಗೆ ಅದು ಸಲ್ಲುತ್ತದೆ. ಇಲ್ಲಿ ಎರಡು ತೊಡಕು. ಮೊದಲನೆಯದು, ಸೀರೆಯ ಸೆರಗಿನಲ್ಲಿ ಎಳೆಗೆ ಬರವಿಲ್ಲ, ಇನ್ನೂರು ವರ್ಷದ ವಸ್ತುವಿನಲ್ಲಿ ಒಂದು ಎಳೆ ಸುಟ್ಟರೂ ಅದು ಮರಳಿ ಬರುವುದಿಲ್ಲ. ಎರಡನೆಯದು ಇನ್ನೂ ಸ್ವಾರಸ್ಯ. ರೇಷ್ಮೆ ಹುಳುವಿನಿಂದ ಬಂದದ್ದು, ಚರ್ಮ ಪ್ರಾಣಿಯಿಂದ ಬಂದದ್ದು. ಎರಡೂ ಸುಟ್ಟರೆ ಹೆಚ್ಚುಕಡಿಮೆ ಕೂದಲು ಸುಟ್ಟ ವಾಸನೆಯೇ. ಬೆಂಕಿ ‘ಇದು ಜೀವಿಯ ಮೈಯಿಂದ ಬಂದದ್ದು’ ಎಂದಷ್ಟೇ ಹೇಳುತ್ತದೆ. ಯಾವ ಜೀವಿ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಕಣ್ಣು.

“ಹಾಗಾದರೆ ಕಣ್ಣಿನಲ್ಲೇ ನೋಡಿ” ಎಂದು ಆಕೆಯೂ ಕುರ್ಚಿ ಎಳೆದುಕೊಂಡು ಕೂತರು.

ಕಿತ್ತುಹೋದ ತುದಿ

ಐದನೆಯ ಚಿತ್ರದಲ್ಲಿ ತುಂಡಾದ ಜಾಗ ಸ್ಪಷ್ಟವಾಗಿತ್ತು. ಮೊಮ್ಮಗಳು ಬೆರಳಿನಲ್ಲಿ ಅದನ್ನು ದೊಡ್ಡದು ಮಾಡಿದಳು.

“ತಾತ, ಪ್ಲಾಸ್ಟಿಕ್ ಅಲ್ಲ. ತುದಿಯಲ್ಲಿ ಕೂದಲು ಬಂದಿದೆ! ಪೊರಕೆಯ ಹಾಗೆ.”

ಹೌದು. ತುಂಡಾದ ತುದಿ ಹತ್ತಾರು ಗಡುಸು ಕೂದಲಾಗಿ ಬಿಚ್ಚಿಕೊಂಡಿತ್ತು. ಪಟ್ಟಿಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ನೇರ ಗೆರೆಗಳು. ಚರ್ಮದ ರಂಧ್ರವಿಲ್ಲ. ಬೆತ್ತದ ಗಿಣ್ಣಿಲ್ಲ, ಶ್ಯಾವಿಗೆ ಬಿಲ್ಲೆಯ ತೂತಿಲ್ಲ. ರೇಷ್ಮೆಯಾದರೆ ಎಳೆ ಜೋಲು ಬೀಳಬೇಕಿತ್ತು, ಇಲ್ಲಿ ಸೆಟೆದು ನಿಂತಿತ್ತು. ಒಂದು ಅಂಚಿನಲ್ಲಿ ಏನೋ ಹುಳು ಮೆದ್ದ ಗುರುತು. ಪ್ಲಾಸ್ಟಿಕ್ಕನ್ನು ಯಾವ ಹುಳು ತಿನ್ನುತ್ತದೆ? ಉಣ್ಣೆಯ ಸ್ವೆಟರ್ ತಿನ್ನುವ ಹುಳುಗಳಿಗೆ ಇಷ್ಟವಾದದ್ದು ಕೂದಲು, ಗರಿ, ಉಗುರಿನ ಜಾತಿಯ ಪದಾರ್ಥ.

ಕಪ್ಪು, ಹೊಳಪು, ಬಾಗುತ್ತದೆ, ತುದಿಯಲ್ಲಿ ಕೂದಲಾಗುತ್ತದೆ, ಉಗುರಿನ ಜಾತಿ. ಅಂಥದ್ದು ಏನು? ಉತ್ತರ ಓದುವ ಮುಂಚೆ ನೀವೂ ಒಂದು ನಿಮಿಷ ಯೋಚಿಸಿ, ಮಕ್ಕಳೇ.

ತಿಮಿಂಗಿಲ!

ಎಲ್ಲ ತಿಮಿಂಗಿಲಗಳಿಗೂ ಹಲ್ಲಿರುವುದಿಲ್ಲ. ಕೆಲವು ಜಾತಿಗಳಿಗೆ ಮೇಲ್ದವಡೆಯಿಂದ ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ಪಟ್ಟಿಗಳು ಇಳಿಬಿದ್ದಿರುತ್ತವೆ. ಒಂದು ಜಾತಿಯಲ್ಲಿ ಪ್ರತಿ ಬದಿಗೆ 200ಕ್ಕೂ ಹೆಚ್ಚು, ಒಂದೊಂದೂ ಎರಡು ಮೀಟರಿಗಿಂತ ಉದ್ದ ಬೆಳೆಯಬಲ್ಲದು. ತಿಮಿಂಗಿಲ ಬಾಯಿತುಂಬ ನೀರು ತೆಗೆದುಕೊಂಡು ಈ ಜರಡಿಯ ಮೂಲಕ ಹೊರಗೆ ಬಿಡುತ್ತದೆ. ನೀರು ಹೋಗುತ್ತದೆ, ಸಣ್ಣ ಸಣ್ಣ ಜೀವಿಗಳು ಒಳಗೆ ಉಳಿಯುತ್ತವೆ. ನಮ್ಮ ಅಜ್ಜಿ ಅಕ್ಕಿ ಬಸಿಯುವ ಹಾಗೆ! ಆ ಜರಡಿಯ ಪಟ್ಟಿ ಮೂಳೆಯಲ್ಲ, ಕೆರಾಟಿನ್. ನಮ್ಮ ಕೂದಲು, ಉಗುರು, ದನದ ಕೊಂಬಿನ ಹೊರಪದರ ಇವೆಲ್ಲ ಆಗಿರುವುದು ಅದರಿಂದಲೇ. ಪಟ್ಟಿಯ ಒಳಗೆ ಕೂದಲಿನಂಥ ಎಳೆಗಳು ಸಾಲಾಗಿ ಕೂತಿರುತ್ತವೆ. ಸವೆದಾಗ ಅವು ಹೊರಗೆ ಬರುತ್ತವೆ. ನಾವು ಕಂಡ ಪೊರಕೆ ಅದೇ.

ಹುಡುಗನಿಗೆ ಫೋನು ಮಾಡಿ ಹೇಳಿದೆವು. ಅವನಿಗೆ ನಂಬಿಕೆಯಾಗಲಿಲ್ಲ. ಮರುದಿನ ಅಂಗಡಿಗೆ ಹೋಗಿ, ಅಲ್ಲಿಂದಲೇ ವೀಡಿಯೋ ಕರೆ ಮಾಡಿದ. ಅಂಗಡಿಯ ಮುದುಕರು ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಅವರ ಕೈಯಲ್ಲೂ ಒಂದು ಭೂತಗನ್ನಡಿ! ಕಿತ್ತುಹೋದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ತೆಳುವಾದ ಕಡೆ ಬೆಳಕು ಹಾದು, ಕಪ್ಪು ಪಟ್ಟಿ ಬೆಲ್ಲದ ಪಾಕದಂತೆ ಕಂದಾಗಿ ಕಂಡಿತು. ಅವರು ತಲೆಯಾಡಿಸಿ ಒಂದೇ ಮಾತು ಹೇಳಿದರು: “ಕುಜಿರಾ.”

ಜಪಾನಿ ಭಾಷೆಯಲ್ಲಿ ಕುಜಿರಾ ಎಂದರೆ ತಿಮಿಂಗಿಲ. ಮೊಮ್ಮಗಳು ಕುಣಿದಾಡಿದಳು.

ತಿಮಿಂಗಿಲದಿಂದ ಬೊಂಬೆಯ ಹುಬ್ಬಿನವರೆಗೆ

ಆ ಮುದುಕರು ಇನ್ನೂ ಒಂದು ವಿಷಯ ಹೇಳಿದರು. ಒಸಾಕಾ ನಗರ ಬುನ್ರಾಕು ಎಂಬ ಬೊಂಬೆಯಾಟಕ್ಕೆ ಹೆಸರಾದದ್ದು. ಒಂದು ದೊಡ್ಡ ಬೊಂಬೆಯನ್ನು ಮೂವರು ಸೇರಿ ಆಡಿಸುತ್ತಾರೆ. ಬೊಂಬೆ ಹುಬ್ಬು ಹಾರಿಸುತ್ತದೆ, ಕಣ್ಣು ತಿರುಗಿಸುತ್ತದೆ. ಅದರ ಮರದ ತಲೆಯೊಳಗೆ ಹುಬ್ಬನ್ನು ಮತ್ತೆ ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಯಾವುದು? ಇದೇ ತಿಮಿಂಗಿಲದ ಪಟ್ಟಿ. ಬಾಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುವ ಗುಣ ಅದಕ್ಕಿದೆ. ಚಹಾ ಬಟ್ಟಲು ಹೊತ್ತು ತಾನಾಗಿ ನಡೆದುಬರುವ ಯಂತ್ರದ ಬೊಂಬೆಗಳಿಗೂ ಹಿಂದೆ ಇದರ ಸ್ಪ್ರಿಂಗನ್ನೇ ಹಾಕುತ್ತಿದ್ದರು.

ಜಪಾನಿನ ಕರಾವಳಿಯ ತೈಜಿ ಎಂಬ ಊರಿನಲ್ಲಿ 1606ರಿಂದಲೇ ಗುಂಪು ಕಟ್ಟಿಕೊಂಡು ತಿಮಿಂಗಿಲ ಹಿಡಿಯುತ್ತಿದ್ದರು. ಹಿಡಿದ ಪ್ರಾಣಿಯ ಯಾವ ಭಾಗವನ್ನೂ ಬಿಸಾಡುತ್ತಿರಲಿಲ್ಲ. ಮಾಂಸ, ಎಣ್ಣೆ, ಮೂಳೆ, ಕೊನೆಗೆ ಬಾಯಿಯ ಜರಡಿ ಕೂಡ. ಅದರ ಒಂದು ಸೀಳು ಯಾರದೋ ಕತ್ತಿಯ ಹಿಡಿಗೆ ಬಂದು ಕೂತಿತ್ತು.

ಇಂದು ಕಾಲ ಬೇರೆ. ಅಳಿವಿನ ಅಂಚಿನ ಜೀವಿಗಳ ವ್ಯಾಪಾರ ತಡೆಯಲು 1973ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಭಾರತ 1976ರಲ್ಲಿ ಅದಕ್ಕೆ ಸೇರಿತು. ದೊಡ್ಡ ತಿಮಿಂಗಿಲಗಳ ಯಾವ ಭಾಗವನ್ನೂ ಕಾಗದಪತ್ರವಿಲ್ಲದೆ ದೇಶದಿಂದ ದೇಶಕ್ಕೆ ಒಯ್ಯುವಂತಿಲ್ಲ, ವಸ್ತು ಎಷ್ಟೇ ಹಳೆಯದಿರಲಿ. ಜೊತೆಗೆ ಹಳೆಯ ಕತ್ತಿಯನ್ನು ಜಪಾನಿನಿಂದ ಹೊರಗೆ ತರಬೇಕಾದರೆ ಅಲ್ಲಿನ ಸಂಸ್ಕೃತಿ ಇಲಾಖೆಯ ಪತ್ರ ಬೇರೆ ಬೇಕು. ಪ್ಲಾಸ್ಟಿಕ್ ಎಂದುಕೊಂಡು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಂದಿದ್ದರೆ ವಿಮಾನ ನಿಲ್ದಾಣದಲ್ಲಿ ಆ ಹುಡುಗನ ಗತಿ ಏನಾಗುತ್ತಿತ್ತು? ಇನ್ನು, ಕಿತ್ತುಹಾಕಿಸಿ ನೀಲಿ ರೇಷ್ಮೆ ಸುತ್ತಿಸಿದ್ದರೆ? ಕತ್ತಿ ಅಂದವಾಗುತ್ತಿತ್ತು. ತಿಮಿಂಗಿಲದ ಕತೆ ಮಾತ್ರ ಅಂಗಡಿಯ ಕಸದ ಬುಟ್ಟಿಗೆ ಹೋಗುತ್ತಿತ್ತು.

ಹುಡುಗ ಕತ್ತಿ ಕೊಳ್ಳಲಿಲ್ಲ. ಅಂಗಡಿಯ ಹಿರಿಯರು ಆ ಹಿಡಿಗೆ ಒಂದು ಚೀಟಿ ಕಟ್ಟಿದರಂತೆ: ‘ತಿಮಿಂಗಿಲ. ಬಿಚ್ಚಬಾರದು.’ ಅಪ್ಪನಿಗೆ ಅವನು ತಂದದ್ದು ಒಂದು ಬೀಸಣಿಗೆ. ಗೆಳೆಯನಿಗೆ ಅದೇ ಹೆಚ್ಚು ಉಪಯೋಗ, ಅವರ ಬೀದಿಯಲ್ಲಿ ಕರೆಂಟು ಹೋಗುವುದು ಜಾಸ್ತಿ.

ನನ್ನ ತಪ್ಪು

ಈಗ ನನ್ನ ಸರದಿ. ‘ಸ್ವಲ್ಪ ತಾಳು ಮಗು’ ಎಂದು ಆ ಹುಡುಗನಿಗೆ ಹೇಳಿದೆನಲ್ಲ, ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ನನಗೆ ಇಪ್ಪತ್ತೆರಡು ವರ್ಷ. ಬ್ಯಾಂಕಿನ ಕೆಲಸ ಸಿಕ್ಕ ಹೊಸದು. ಹಬ್ಬಕ್ಕೆ ಊರಿಗೆ ಹೋಗಿದ್ದೆ. ಕೊಟ್ಟಿಗೆಯ ಸೂರಿನಲ್ಲಿ ನಮ್ಮ ತಾತನ ಮಚ್ಚು ಸಿಕ್ಕಿಸಿತ್ತು. ತಾತ ತೀರಿಕೊಂಡು ಆರು ವರ್ಷವಾಗಿತ್ತು. ಮಚ್ಚಿನ ಮರದ ಹಿಡಿ ಸೀಳಿತ್ತು, ಅದರ ಮೇಲೆ ತಾತ ಏನೋ ಕಪ್ಪು ಪಟ್ಟಿ ಬಿಗಿಯಾಗಿ ಸುತ್ತಿದ್ದರು. ಎಣ್ಣೆ, ಬೆವರು, ಧೂಳು ಕೂತು ಅದು ಏನೆಂದೇ ತಿಳಿಯುತ್ತಿರಲಿಲ್ಲ. ಪಟ್ಟಣದ ಹುಡುಗ ನಾನು. ಅಜ್ಜಿಗೆ ಉಪಕಾರ ಮಾಡೋಣ ಎಂದು ಅದನ್ನು ಬ್ಲೇಡಿನಿಂದ ಕೊಯ್ದು ತೆಗೆದು, ಹಳದಿ ಪ್ಲಾಸ್ಟಿಕ್ ವೈರು ಸುತ್ತಿದೆ. ಕಿತ್ತ ಪಟ್ಟಿಯನ್ನು ನೀರೊಲೆಗೆ ಎಸೆದೆ.

ಅಜ್ಜಿ ಮಚ್ಚನ್ನು ತಿರುಗಿಸಿ ನೋಡಿದರು. “ಚೆನ್ನಾಗಿದೆ ಕಣಪ್ಪ” ಎಂದರು. ಆಮೇಲೆ ಮೆಲ್ಲಗೆ ಕೇಳಿದರು. “ಹಳೇದು ಎಲ್ಲಿ ಇಟ್ಟೆ?”

“ಒಲೆಗೆ ಹಾಕಿದೆ ಅಜ್ಜಿ.”

“ನಿಮ್ಮ ತಾತ ಮೂರು ದಿನ ಜಗಲಿ ಮೇಲೆ ಕೂತು ಸುತ್ತಿದ್ದರು” ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಪಟ್ಟಿ ಏನಾಗಿತ್ತು? ಐವತ್ತು ವರ್ಷ ನಾನು ಯೋಚಿಸಿರಲಿಲ್ಲ. ಮೊನ್ನೆ ನಮ್ಮ ಮನೆಯಾಕೆ ಬೆಂಕಿ ಪರೀಕ್ಷೆಯ ಮಾತೆತ್ತಿದಾಗ ಥಟ್ಟನೆ ನೆನಪಾಯಿತು. ಅಂದು ನೀರೊಲೆಯಿಂದ ಕೂದಲು ಸುಟ್ಟ ವಾಸನೆ ಬಂದಿತ್ತು. ಹಾಗಾದರೆ ಅದು ಬೆತ್ತವಲ್ಲ, ಕತ್ತಾಳೆ ನಾರಲ್ಲ. ಯಾವುದೋ ಪ್ರಾಣಿಯ ಮೈಯದು. ತಾತನ ಪ್ರೀತಿಯ ಎತ್ತಿನ ಚರ್ಮವೇ? ಬಾಲದ ಕೂದಲೇ? ಬೆಂಕಿ ಅಷ್ಟು ಮಾತ್ರ ಹೇಳಿತು, ಯಾವ ಪ್ರಾಣಿ ಎಂದು ಹೇಳಲಿಲ್ಲ. ಹೇಳಬಲ್ಲ ತುದಿಯನ್ನು ನಾನೇ ಸುಟ್ಟಿದ್ದೆ. ಕೇಳೋಣವೆಂದರೆ ಅಜ್ಜಿಯೂ ಇಲ್ಲ.

ಆರು ಸಾವಿರ ಕಿಲೋಮೀಟರಿನಷ್ಟು ದೂರದ ಯಾರದೋ ಕತ್ತಿಯ ಹಿಡಿಯನ್ನು ಗುರುತಿಸಿದೆ. ನಮ್ಮ ತಾತನ ಮಚ್ಚಿನ ಹಿಡಿಯನ್ನು ಗುರುತಿಸಲಾರೆ.

ಈ ವಾರದ ಕೆಲಸ

ಮಕ್ಕಳೇ, ನಿಮಗೊಂದು ಕೆಲಸ. ಅಜ್ಜ ಅಥವಾ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಮನೆಯಲ್ಲಿ ಹಿಡಿ ಇರುವ ಹಳೆಯ ಐದು ವಸ್ತು ಹುಡುಕಿ. ಊರುಗೋಲು, ಬೀಸಣಿಗೆ, ಹಳೆಯ ಕೊಡೆ, ಬ್ಯಾಟು, ಕೈಬುಟ್ಟಿ ಏನಾದರೂ ಸರಿ. ಚಾಕು, ಮಚ್ಚು, ಈಳಿಗೆಮಣೆ ಇದ್ದರೆ ಅಜ್ಜಿಯ ಕೈಯಲ್ಲೇ ಇರಲಿ, ನೀವು ಕಣ್ಣಿನಿಂದ ಮಾತ್ರ ನೋಡಿ. ಬಾಗಿದ ಜಾಗ, ಸವೆದ ಜಾಗ, ತುಂಡಾದ ಜಾಗ. ಏನು ಸುತ್ತಿದೆ? ಯಾರು ಸುತ್ತಿದರು? ಯಾವಾಗ? ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿ. ಬೆಂಕಿಕಡ್ಡಿ ಬೇಡ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ಮಕ್ಕಳು “ಇದು ಏನು?” ಎಂದು ಕೇಳಿದಾಗ “ಹಳೇ ಸಾಮಾನು, ಬಿಸಾಡು” ಎನ್ನಬೇಡಿ. ಉತ್ತರ ಗೊತ್ತಿರುವವರು ಈಗ ಮನೆಯಲ್ಲಿ ನೀವೊಬ್ಬರೇ ಇರಬಹುದು.

ನಮ್ಮ ಮನೆಯ ಮೊದಲ ಚೀಟಿ ಬರೆದಾಗಿದೆ. ತಾತನ ಮಚ್ಚು ಈಗ ನನ್ನ ಬಳಿಯೇ ಇದೆ, ಹಳದಿ ವೈರು ಸಮೇತ. ಅದನ್ನು ಬಿಚ್ಚಿ ಚರ್ಮ ಸುತ್ತಿಸೋಣವೇ ಎಂದು ಕೇಳಿದೆ. ಮೊಮ್ಮಗಳು ಬೇಡವೆಂದಳು. ಅವಳ ದುಂಡಗಿನ ಅಕ್ಷರದಲ್ಲಿ ಚೀಟಿ ಹೀಗಿದೆ: ‘ಪ್ಲಾಸ್ಟಿಕ್ ವೈರು. ಸುತ್ತಿದವರು ನಮ್ಮ ತಾತ, 22ನೇ ವಯಸ್ಸಿನಲ್ಲಿ. ಬಿಚ್ಚಬಾರದು.’

ಮುಂದಿನ ವಾರ ಸಿಗೋಣ.